ಯಹೂದಿಗಳೇ ಕಟ್ಟಿದ ಊರಲ್ಲಿ ಈಗ ಅವರೇ ಯಾಕೆ ಕಡಿಮೆ?

ಪ್ರಶ್ನೆ: ಅರ್ಜೆಂಟೀನಾದ ಮೊಯಿಸೆಸ್ ವಿಲ್ ಯಹೂದಿಗಳು ಕಟ್ಟಿದ ಊರಂತೆ. ಈಗ ಅಲ್ಲಿ ಯಹೂದಿಗಳು ಕಡಿಮೆ ಯಾಕೆ? ಯಾರಾದರೂ ಓಡಿಸಿದರಾ?

ಇಲ್ಲ, ಯಾರೂ ಓಡಿಸಲಿಲ್ಲ. ಮೊದಲ ವರ್ಷಗಳಲ್ಲಿ ಕೆಲವು ವಲಸಿಗರ ಕೊಲೆಯಾದದ್ದು ನಿಜ. ಆದರೆ ಊರು ಬೆಳೆದದ್ದೇ ಅದಾದ ಮೇಲೆ. ಅವರು ಹೊರಟಿದ್ದು ಮಕ್ಕಳಿಗೆ ಜಮೀನು ಸಾಲದೆ, ಓದು ಕೈಹಿಡಿದದ್ದರಿಂದ.

ಜಮೀನಿಗಾಗಿ ಅವರು ಪಟ್ಟ ಪಾಡು ಮಾತ್ರ ಸಣ್ಣದಲ್ಲ. ಈಗ ಉಕ್ರೇನ್‌ನಲ್ಲಿರುವ ಪೊಡೋಲಿಯಾದಿಂದ ಸುಮಾರು 820 ಮಂದಿ ವೆಸರ್ ಹಡಗು ಹತ್ತಿ, 1889ರ ಆಗಸ್ಟ್‌ನಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಇಳಿದರು. ಹೊರಡುವ ಮೊದಲೇ ಜಮೀನಿನ ಮಾತುಕತೆ ಮುಗಿದಿತ್ತು. ಬಂದು ನೋಡಿದರೆ ರೇಟು ಏರಿತ್ತು, ಮಾರುವವ ಮಾತು ತಪ್ಪಿದ. ಕೊನೆಗೆ ಸಾಂತಾ ಫೆ ಪ್ರಾಂತ್ಯದ ಜಮೀನುದಾರ ಪೆದ್ರೊ ಪಲಾಸಿಯೊಸ್ ಜಾಗ ಕೊಡಲು ಒಪ್ಪಿದ. ಆದರೆ ಅಲ್ಲಿ ಮನೆಯೂ ಇಲ್ಲ, ಉಳುವ ಸಾಮಾನೂ ಇಲ್ಲ. ರೈಲ್ವೆ ಸ್ಟೇಷನ್ ಬಳಿ ಗೂಡ್ಸ್ ಡಬ್ಬಿಗಳಲ್ಲೇ ದಿನ ಕಳೆದರು. ಕಾಯಿಲೆಗೆ 60ಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ಖಾಲಿ ಸೀಮೆಎಣ್ಣೆ ಡಬ್ಬಗಳಲ್ಲಿಟ್ಟು ಮಣ್ಣು ಮಾಡಿದರು ಅಂತ ಅಲ್ಲಿಯವರು ಹೇಳುತ್ತಾರೆ. ಇದನ್ನು ಓದಿದಾಗಲೆಲ್ಲ ಸಂಕಟವಾಗುತ್ತದೆ.

ಅದೇ ದಾರಿಯಲ್ಲಿ ಬಂದ ಡಾಕ್ಟರ್ ಲೊವೆಂತಾಲ್ ಈ ಸ್ಥಿತಿ ಕಂಡು ವರದಿ ಬರೆದರು. ಅದು ಶ್ರೀಮಂತ ದಾನಿ ಬ್ಯಾರನ್ ಹಿರ್ಷ್ ಕೈಸೇರಿತು. 1891ರಲ್ಲಿ ಅವರು ವಲಸಿಗರಿಗೆ ನೆಲೆ ಕಲ್ಪಿಸುವ ಸಂಘ ಕಟ್ಟಿದರು. ಸಂಘ ಕಂತಿನ ಮೇಲೆ ಜಮೀನು ಕೊಟ್ಟಿತು. ಗೋಧಿ ಬಿತ್ತಿದರು, ಮಿಡತೆ ಕಾಟ ತಡೆದುಕೊಂಡರು, ಆಮೇಲೆ ಮೇವಿಗೆ ಕುದುರೆ ಮೆಂತೆ ಬೆಳೆದು ಹಸು ಸಾಕಿದರು. ಕುದುರೆ ಏರುವುದನ್ನು ಕಲಿಸಿದ್ದು ಅಲ್ಲಿನ ದನಗಾಹಿಗಳಾದ ಗೌಚೊಗಳು.

ಜೊತೆಜೊತೆಗೇ ಗ್ರಂಥಾಲಯ, ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ), 1929ರಲ್ಲಿ ಕದೀಮಾ ರಂಗಮಂದಿರ, ಮುಂದೆ ಹೀಬ್ರೂ ಮೇಷ್ಟ್ರುಗಳನ್ನು ತಯಾರು ಮಾಡುವ ಶಾಲೆಯೂ ಬಂದವು. ಇಷ್ಟು ಸಣ್ಣ ಊರಿಗೆ ಇದು ಜಾಸ್ತಿಯೇ ಅಲ್ವಾ? 1940ರ ದಶಕದಲ್ಲಿ ಅಲ್ಲಿ ಹತ್ತಿರ ಹತ್ತಿರ 5,000 ಜನ, ಬಹುಪಾಲು ಯಹೂದಿಗಳೇ.

ಆದರೆ ಅಪ್ಪನ ಜಮೀನು ನಾಲ್ಕು ಮಕ್ಕಳಿಗೆ ಸಾಲಲಿಲ್ಲ. ಪಕ್ಕದಲ್ಲೇ ಹೊಸ ಜಮೀನು ಕೊಡಲು ಸಂಘವೂ ಸುಲಭಕ್ಕೆ ಒಪ್ಪುತ್ತಿರಲಿಲ್ಲ. ಮಕ್ಕಳು ಓದಲು ರೊಸಾರಿಯೊ, ಬ್ಯೂನಸ್ ಐರಿಸ್ ಸೇರಿದರು, ಅಲ್ಲೇ ಉಳಿದರು. 1948ರ ನಂತರ ಕೆಲವರು ಇಸ್ರೇಲ್‌ಗೂ ಹೋದರು. "ಗೋಧಿ ಬಿತ್ತಿದೆವು, ಡಾಕ್ಟರುಗಳನ್ನು ಕೊಯ್ದೆವು" ಅನ್ನುವುದು ಅಲ್ಲಿಯ ಗಾದೆ. ಅದರಲ್ಲಿ ಹೆಮ್ಮೆ ಇದೆ, ಸರಿ. ಆದರೆ ಸಂಘ ಎರಡನೇ ತಲೆಮಾರಿಗೂ ಊರಲ್ಲೇ ಜಮೀನು ಕೊಟ್ಟಿದ್ದರೆ ಇನ್ನಷ್ಟು ಮನೆತನಗಳು ಅಲ್ಲೇ ಉಳಿಯುತ್ತಿದ್ದವು ಅನ್ನುವುದು ನನ್ನ ಅನಿಸಿಕೆ.