ಹೊಟ್ಟೆ ಕ್ಯಾನ್ಸರಿಗೆ ಇಮ್ಯುನೋಥೆರಪಿ: ಮೊದಲು ಬ್ಲಾಕ್, ಆಮೇಲೆ ಔಷಧ

ಹೊಟ್ಟೆಯ ಕ್ಯಾನ್ಸರಿಗೆ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಕೋಶಗಳನ್ನೇ ಕ್ಯಾನ್ಸರಿನ ಮೇಲೆ ಬಿಡುವ ಚಿಕಿತ್ಸೆ) ಕೆಲಸಕ್ಕೆ ಬರುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಎಂಡೋಸ್ಕೋಪಿಯಲ್ಲಿ ತೆಗೆದ, ಜೋಳದ ಕಾಳಿಗಿಂತ ಸಣ್ಣ ಚೂರುಗಳಿಂದಲೇ ಗೊತ್ತಾಗಬೇಕು. ಗದಗ, ಹಾವೇರಿ ಕಡೆಯಿಂದ ಹುಬ್ಬಳ್ಳಿಗೆ ಬರುವವರ ಫೈಲಿನಲ್ಲಿ ಸಾಮಾನ್ಯವಾಗಿ ‘ಅಡಿನೋಕಾರ್ಸಿನೋಮ’ ಎಂಬ ಒಂದು ಸಾಲಿನ ವರದಿ ಇರುತ್ತದೆ. ಕ್ಯಾನ್ಸರ್ ಹೌದೆನ್ನಲು ಅಷ್ಟು ಸಾಕು, ಔಷಧ ಆರಿಸಲು ಸಾಲದು.

ಇನ್ನೂ ಮೂರು ಪರೀಕ್ಷೆ ಬೇಕು: ಹರ್-2 (ಕೋಶ ಬೆಳೆಯುವಂತೆ ಮಾಡುವ ಪ್ರೋಟೀನ್), ಎಂಎಂಆರ್ (ಡಿಎನ್‌ಎ ತಪ್ಪು ತಿದ್ದುವ ಪ್ರೋಟೀನ್‌ಗಳು), ಪಿಡಿ-ಎಲ್1 (ರೋಗನಿರೋಧಕ ಕೋಶಗಳಿಗೆ ಬ್ರೇಕ್ ಹಾಕುವ ಪ್ರೋಟೀನ್). ಮೂರನ್ನೂ ಅದೇ ಬ್ಲಾಕಿನಿಂದಲೇ, ಅಂದರೆ ಲ್ಯಾಬ್‌ನವರು ಆ ಚೂರುಗಳನ್ನು ಕೂರಿಸಿಟ್ಟ ಮೇಣದ ಗಟ್ಟಿಯಿಂದಲೇ, ಮಾಡಬೇಕು. ಅದಕ್ಕಾಗಿ ಎಂಡೋಸ್ಕೋಪಿ ಮಾಡುವವರು 6ರಿಂದ 8 ಚೂರು ತೆಗೆಯಬೇಕು, ಅದೂ ಹುಣ್ಣಿನ ಅಂಚಿನಿಂದ. ನಡುವಿನ ಕೊಳೆತ ಭಾಗದಿಂದ ತೆಗೆದರೆ ಸತ್ತ ಕೋಶಗಳೇ ಬರುತ್ತವೆ. ತೆಗೆದ ಕೂಡಲೇ ಶೇ 10ರ ಬಫರ್ಡ್ ಫಾರ್ಮಾಲಿನ್‌ಗೆ ಹಾಕಬೇಕು. ಅದರಲ್ಲಿ ಕನಿಷ್ಠ 6 ಗಂಟೆ ಇರಬೇಕು, 72 ಗಂಟೆ ಮೀರಬಾರದು. ಶನಿವಾರ ಮಧ್ಯಾಹ್ನದ ಬಾಟಲಿ ಹಬ್ಬದ ರಜೆ ಮುಗಿಸಿಕೊಂಡು ಬುಧವಾರ ಲ್ಯಾಬ್ ಸೇರಿದರೆ ಪರೀಕ್ಷೆಯ ಬಣ್ಣ ಕೋಶಗಳಿಗೆ ಸರಿಯಾಗಿ ಹತ್ತುವುದಿಲ್ಲ, ಪಾಸಿಟಿವ್ ಇದ್ದದ್ದೂ ನೆಗೆಟಿವ್ ಎಂದು ಬರಬಹುದು. ಫಾರ್ಮಾಲಿನ್ ಇಲ್ಲವೆಂದು ಸಲಾಯಿನ್‌ನಲ್ಲಿ ಹಾಕಿ ಕಳಿಸಿದ್ದಾದರೆ ಮತ್ತೆ ಎಂಡೋಸ್ಕೋಪಿಯೇ ಗತಿ. ಹುಬ್ಬಳ್ಳಿಗೆ ಬರುವಾಗ ವರದಿಯೊಂದೇ ಅಲ್ಲ, ಬ್ಲಾಕ್ ಮತ್ತು ಸ್ಲೈಡ್‌ಗಳನ್ನೂ ಲ್ಯಾಬ್‌ನಿಂದ ಕೇಳಿ ತನ್ನಿ. ಬಿಸಿಲಿಗೆ ನಿಂತ ಗಾಡಿಯಲ್ಲಿ ಬ್ಲಾಕ್ ಬಿಡಬೇಡಿ, ಮೇಣ ಮೆತ್ತಗಾಗುತ್ತದೆ.

ಪಿಡಿ-ಎಲ್1 ವರದಿಯಲ್ಲಿ ನೋಡಬೇಕಾದ ಅಂಕಿ ಸಿಪಿಎಸ್. ಬಣ್ಣ ಹತ್ತಿದ ಕ್ಯಾನ್ಸರ್ ಕೋಶ, ಲಿಂಫೋಸೈಟ್, ಮ್ಯಾಕ್ರೋಫೇಜ್‌ಗಳನ್ನು ಕೂಡಿಸಿ, ಒಟ್ಟು ಜೀವಂತ ಕ್ಯಾನ್ಸರ್ ಕೋಶಗಳಿಂದ ಭಾಗಿಸಿ, 100ರಿಂದ ಗುಣಿಸಿದರೆ ಬರುವುದು ಅದು. ಎಣಿಸಲು 100 ಜೀವಂತ ಕೋಶವಾದರೂ ಇರಬೇಕು. ಶ್ವಾಸಕೋಶದ ಕ್ಯಾನ್ಸರಿಗೆ ಬಳಸುವ, ಕ್ಯಾನ್ಸರ್ ಕೋಶಗಳನ್ನಷ್ಟೇ ಎಣಿಸುವ ಟಿಪಿಎಸ್ ಬರೆದು ಕಳಿಸಿದ್ದರೆ ವಾಪಸ್ ಕಳಿಸಿ, ಸಿಪಿಎಸ್ ಬರೆಸಿಕೊಳ್ಳಿ.

ಈ ಅಂಕಿಗೆ ಇಷ್ಟು ಒತ್ತು ಕೊಡಲು ಕಾರಣವಿದೆ. ಕ್ಯಾನ್ಸರ್ ಹರಡಿದ, ಹರ್-2 ನೆಗೆಟಿವ್ ರೋಗಿಗಳ ಮೇಲೆ ನಡೆದ ಚೆಕ್‌ಮೇಟ್-649 ಅಧ್ಯಯನದಲ್ಲಿ ಸಿಪಿಎಸ್ 5 ಅಥವಾ ಹೆಚ್ಚು ಇದ್ದವರ ಮಧ್ಯಕ ಆಯಸ್ಸು (ಅರ್ಧದಷ್ಟು ರೋಗಿಗಳು ಬದುಕಿದ್ದ ಅವಧಿ) ಬರೀ ಕೀಮೋದಲ್ಲಿ 11.1 ತಿಂಗಳು, ನಿವೊಲುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧ ಸೇರಿಸಿದಾಗ 14.4 ತಿಂಗಳು. ಲಾಭ ನಿಜ, ಆದರೆ ದೊಡ್ಡದೇನಲ್ಲ. ಸಿಪಿಎಸ್ 1ಕ್ಕಿಂತ ಕೆಳಗಿದ್ದರೆ ಆ ಲಾಭವೂ ಕಾಣುವುದಿಲ್ಲ. ಅಂಥವರ ಮನೆಯವರು ಹೊಲ ಮಾರಿ ಈ ಔಷಧ ತರುವುದಕ್ಕೆ ನಾನು ಒಪ್ಪುವುದಿಲ್ಲ. ಎಂಎಂಆರ್ ಕೊರತೆ ಇರುವವರ ಲೆಕ್ಕವೇ ಬೇರೆ. ಹರಡಿದ ಹಂತದಲ್ಲಿ ಅವರು ನೂರಕ್ಕೆ ನಾಲ್ಕೈದು ಮಂದಿ ಮಾತ್ರ, ಆದರೆ ಇಮ್ಯುನೋಥೆರಪಿಯಿಂದ ವರ್ಷಗಟ್ಟಲೆ ರೋಗ ಹತೋಟಿಯಲ್ಲಿರುವುದು ಇವರಲ್ಲೇ ಹೆಚ್ಚು. ಈ ಪರೀಕ್ಷೆಯನ್ನು ಯಾರಿಗೂ ಬಿಡಬಾರದು. ಹರ್-2 ಪಾಸಿಟಿವ್ ಆದರೆ ಆ ಪ್ರೋಟೀನನ್ನೇ ಹಿಡಿಯುವ ಟ್ರಾಸ್ಟುಜುಮ್ಯಾಬ್ ಮತ್ತು ಕೀಮೋ ಮುಖ್ಯ. ಅವರಲ್ಲೂ ಸಿಪಿಎಸ್ 1 ಅಥವಾ ಮೇಲಿದ್ದರೆ ನಿವೊಲುಮ್ಯಾಬ್ ಬಗೆಯದೇ ಆದ ಪೆಂಬ್ರೊಲಿಜುಮ್ಯಾಬ್ ಸೇರಿಸಬಹುದು.

ಡೋಸ್ ವಿಷಯ ಸರಳ. ಆಕ್ಸಾಲಿಪ್ಲಾಟಿನ್-ಕ್ಯಾಪೆಸಿಟಾಬಿನ್ ಕೀಮೋ ಜೊತೆ ನಿವೊಲುಮ್ಯಾಬ್ 360 ಮಿ.ಗ್ರಾಂ 3 ವಾರಕ್ಕೊಮ್ಮೆ, ಫಾಲ್ಫಾಕ್ಸ್ ಎಂಬ ಕೀಮೋ ಜೊತೆ 240 ಮಿ.ಗ್ರಾಂ 2 ವಾರಕ್ಕೊಮ್ಮೆ, 30 ನಿಮಿಷದ ಡ್ರಿಪ್, ನಳಿಕೆಯಲ್ಲಿ ಫಿಲ್ಟರ್, ಹೆಚ್ಚೆಂದರೆ 2 ವರ್ಷ. ವಯಲ್ 2ರಿಂದ 8 ಡಿಗ್ರಿಯಲ್ಲಿರಬೇಕು. ನೀವೇ ಹೊರಗಿನಿಂದ ತರುವುದಾದರೆ ಡಬ್ಬಿ ಮತ್ತು ಐಸ್‌ಪ್ಯಾಕ್ ನಡುವೆ ಬಟ್ಟೆಯೋ ರಟ್ಟೋ ಇಡಿ. ಹೆಪ್ಪುಗಟ್ಟಿದ ವಯಲ್ ಉಪಯೋಗಕ್ಕೆ ಬಾರದು. ಬಾಯಿ ಕ್ಯಾನ್ಸರಿನವರಿಗೆ 20 ಮಿ.ಗ್ರಾಂ ಸಾಕಂತೆ, ನಮಗೂ ಅಷ್ಟೇ ಕೊಡಿ ಎಂದು ಕೇಳುವವರಿದ್ದಾರೆ. ಆ ಕಡಿಮೆ ಡೋಸಿನ ಅಧ್ಯಯನ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ತಲೆ-ಕುತ್ತಿಗೆ ಕ್ಯಾನ್ಸರಿನವರ ಮೇಲೆ, ಬೇರೆ ಗುಳಿಗೆಗಳ ಜೊತೆ ನಡೆದದ್ದು. ಅದನ್ನು ಹಾಗೇ ಹೊಟ್ಟೆಗೆ ಅನ್ವಯಿಸಲಾಗದು. ಆಯುಷ್ಮಾನ್-ಆರೋಗ್ಯ ಕರ್ನಾಟಕ ಕಾರ್ಡ್ ಇದ್ದವರು ಮೊದಲ ಡೋಸಿಗೆ ಮುಂಚೆಯೇ ಆರೋಗ್ಯಮಿತ್ರರ ಹತ್ತಿರ ಔಷಧದ ಹೆಸರು ಹೇಳಿ ಕೇಳಿ. ಕಾರ್ಡ್ ನಡೆಯುತ್ತದೆ ಎಂಬ ಮಾತಿಗೂ ಈ ಔಷಧ ಪ್ಯಾಕೇಜಿನಲ್ಲಿದೆ ಎಂಬ ಮಾತಿಗೂ ಅಂತರವಿದೆ.

ಎಡವಟ್ಟು ಹೆಚ್ಚಾಗಿ ಆಗುವುದು ಊರಿಗೆ ಹೋದ ಮೇಲೆ. ಈ ಔಷಧ ರೋಗನಿರೋಧಕ ಕೋಶಗಳಿಗೆ ಹಾಕಿದ ಬ್ರೇಕ್ ತೆಗೆಯುತ್ತದೆ. ಬ್ರೇಕ್ ಹೋದ ಕೋಶಗಳು ಕರುಳು, ಯಕೃತ್ತು, ಶ್ವಾಸಕೋಶ, ಥೈರಾಯ್ಡ್ ಮೇಲೂ ಬೀಳಬಹುದು. ಜುಲಾಬು ಶುರುವಾಯಿತೆನ್ನಿ. ಹಾನಗಲ್ಲಿನಲ್ಲೋ ಶಿರಹಟ್ಟಿಯಲ್ಲೋ ಮೆಡಿಕಲ್ ಶಾಪಿನಿಂದ ಲೋಪೆರಮೈಡ್ ತಂದು ನುಂಗುತ್ತಾರೆ. ಜುಲಾಬು ನಿಂತಂತೆ ಕಾಣುತ್ತದೆ, ಒಳಗೆ ಕರುಳಿನ ಉರಿಯೂತ ಬೆಳೆಯುತ್ತಿರುತ್ತದೆ. ಕೀಮೋ ಗುಳಿಗೆ ಕ್ಯಾಪೆಸಿಟಾಬಿನ್ನಿನಿಂದಲೂ ಜುಲಾಬು ಆಗುವುದರಿಂದ ವೈದ್ಯರಿಗೂ ಗೊಂದಲವಾಗುತ್ತದೆ. ಲೆಕ್ಕ ಇಡಿ: ದಿನಾ ಹೋಗುವುದಕ್ಕಿಂತ 4 ಸಲ ಹೆಚ್ಚಾದರೆ ಅಂದೇ ಫೋನ್ ಮಾಡಿ, ಕ್ಯಾಪೆಸಿಟಾಬಿನ್ ನಿಲ್ಲಿಸಿ. 7 ಸಲ ಹೆಚ್ಚಾದರೆ, ಅಥವಾ ರಕ್ತ ಬಿದ್ದರೆ, ಅಡ್ಮಿಟ್ ಆಗಬೇಕು.

ಕರುಳಿನ ಉರಿಯೂತ ಎಂದು ಖಚಿತವಾದರೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೆ.ಜಿ.ಗೆ 1ರಿಂದ 2 ಮಿ.ಗ್ರಾಂ, ಅಂದರೆ 50 ಕೆ.ಜಿ. ತೂಕದವರಿಗೆ ದಿನಕ್ಕೆ 50ರಿಂದ 100 ಮಿ.ಗ್ರಾಂ. ನಾಲ್ಕು ದಿನಕ್ಕೆ ಹೊಟ್ಟೆ ತಹಬದಿಗೆ ಬಂತೆಂದು ಗುಳಿಗೆ ಬಿಟ್ಟವರು ಮೊದಲಿಗಿಂತ ಕೆಟ್ಟ ಸ್ಥಿತಿಯಲ್ಲಿ ಮರಳುತ್ತಾರೆ. 4ರಿಂದ 6 ವಾರ ಹಿಡಿದು ಇಳಿಸಬೇಕು. ಸ್ಟೀರಾಯ್ಡ್‌ಗೆ ಮೂರು ದಿನದಲ್ಲಿ ಬಗ್ಗದಿದ್ದರೆ ಇನ್‌ಫ್ಲಿಕ್ಸಿಮ್ಯಾಬ್ ಎಂಬ, ಉರಿಯೂತ ತಗ್ಗಿಸುವ ಡ್ರಿಪ್ ಬೇಕಾಗಬಹುದು. ಅದು ಅಡಗಿ ಕುಳಿತ ಟಿಬಿ, ಹೆಪಟೈಟಿಸ್-ಬಿ ಎರಡನ್ನೂ ಕೆದಕುವುದರಿಂದ, ಅವೆರಡರ ಪರೀಕ್ಷೆ ಚಿಕಿತ್ಸೆಯ ಆರಂಭದಲ್ಲೇ ಆಗಿರಲಿ.

ಸುಸ್ತನ್ನೂ ಹಗುರಾಗಿ ತೆಗೆದುಕೊಳ್ಳಬೇಡಿ. ‘ಕೀಮೋ ವೀಕ್ನೆಸ್’ ಎಂದು ಎರಡು ಸಲಾಯಿನ್ ಏರಿಸಿ ಮನೆಗೆ ಕಳಿಸುವ ರೋಗಿಯ ಬಿಪಿ, ಸೋಡಿಯಂ ಎರಡೂ ಕೆಳಗಿದ್ದರೆ ಬೆಳಿಗ್ಗೆ 8ರ ಕಾರ್ಟಿಸಾಲ್ (ದೇಹವೇ ತಯಾರಿಸುವ ಸ್ಟೀರಾಯ್ಡ್ ಹಾರ್ಮೋನ್) ಮತ್ತು ಥೈರಾಯ್ಡ್ ನೋಡಬೇಕು. ಎರಡೂ ಕಡಿಮೆ ಬಂದರೆ ಮೊದಲು ಕಾರ್ಟಿಸಾಲ್ ಬದಲಿಗೆ ಕೊಡುವ ಹೈಡ್ರೋಕಾರ್ಟಿಸೋನ್, ಆಮೇಲೆ ಥೈರಾಯ್ಡ್ ಗುಳಿಗೆ. ಈ ಕ್ರಮ ತಿರುವುಮುರುವಾದರೆ ಜೀವಕ್ಕೇ ಅಪಾಯ. ಕೊನೆಯ ಡೋಸ್ ಆಗಿ ತಿಂಗಳುಗಳು ಕಳೆದ ಮೇಲೂ ಇವೆಲ್ಲ ಕಾಣಿಸಿಕೊಳ್ಳಬಹುದಾದ್ದರಿಂದ, ಔಷಧದ ಹೆಸರು ಮತ್ತು ಕೊನೆಯ ಡೋಸಿನ ತಾರೀಖು ಬರೆದ ಚೀಟಿ ಆಧಾರ್ ಕಾರ್ಡಿನ ಜೊತೆಗೇ ಇರಲಿ, ಊರಿನ ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಅದನ್ನು ತೋರಿಸಿ.