ಸಮುದ್ರದಡಿ ರೈಲು: ಕಾಟ ಕೊಟ್ಟಿದ್ದು ಬಂಡೆಗಿಂತ ನೀರೇ ಜಾಸ್ತಿ

ಕಡಲ ತಳದ ರೈಲು ಸುರಂಗ ಅಂದ್ರೆ ಎಲ್ರೂ ಆ ದೈತ್ಯ ಮಷಿನ್‌ಗಳ ಬಗ್ಗೆನೇ ಮಾತಾಡ್ತಾರೆ. ಕೊರೆಯೋದು ಹೆಂಗೋ ಆಗುತ್ತೆ ಬಿಡಿ, ಒಳಗೆ ನುಗ್ಗೋ ನೀರನ್ನ ಏನ್ ಮಾಡೋದು?

1879ರಲ್ಲಿ ಬ್ರಿಟನ್ನಿನ ಸೆವರ್ನ್ ನದಿ ಕಡಲು ಸೇರೋ ಕಡೆ ಸುರಂಗ ತೋಡ್ತಿದ್ದಾಗ ನೀರು ನುಗ್ಗಿ ಇಡೀ ಕೆಲಸ ಮುಳುಗಿಹೋಯ್ತು, ವಿಚಿತ್ರ ಅಂದ್ರೆ ಅದು ಮೇಲಿದ್ದ ನದಿ ನೀರಲ್ಲ, ದಡದ ಕಡೆ ನೆಲದೊಳಗಿದ್ದ ಸಿಹಿನೀರಿನ ಬುಗ್ಗೆ. ಪಂಪ್ ಹಾಕಿ ಖಾಲಿ ಮಾಡೋಣ ಅಂದ್ರೆ ಒಳಗಿದ್ದ ಕಬ್ಬಿಣದ ಬಾಗಿಲನ್ನ ಯಾರೂ ಮುಚ್ಚಿರಲಿಲ್ಲ, ಜೀವ ಉಳಿದ್ರೆ ಸಾಕು ಅಂತ ಓಡಿ ಬಂದಿದ್ರು. 1880ರಲ್ಲಿ ಅಲೆಕ್ಸಾಂಡರ್ ಲ್ಯಾಂಬರ್ಟ್ ಅನ್ನೋ ಡೈವರ್ ಇಳಿದ. ಗಾಳಿ ಪೈಪ್ ಎಳ್ಕೊಂಡು ಅಷ್ಟು ದೂರ ಹೋಗಕ್ಕಾಗ್ಲಿಲ್ಲ, ಆಮೇಲೆ ಬೆನ್ನಿಗೆ ಆಕ್ಸಿಜನ್ ಕಟ್ಕೊಂಡು ಆ ಕಗ್ಗತ್ತಲಲ್ಲಿ ನೀರೊಳಗೆ ಸುಮಾರು 300 ಮೀಟರ್ ತಡಕಾಡ್ತಾ ಹೋಗಿ ಬಾಗಿಲು ಮುಚ್ಚಿಬಂದ. ಜೊತೆಗಿದ್ದ ಒಂದು ವಾಲ್ವನ್ನೂ ತಿರುಗಿಸಿದ, ಅದರ ಥ್ರೆಡ್ ಉಲ್ಟಾ ಇತ್ತಂತೆ, ಮುಚ್ಚಿದ್ದ ವಾಲ್ವನ್ನ ಪಾಪ ತೆಗೆದು ಬಂದಿದ್ದ! 1886ರಲ್ಲಿ ರೈಲು ಓಡ್ತು, ಅಲ್ಲಿನ ಪಂಪ್‌ಗಳು ಇವತ್ತಿಗೂ ನಿಂತಿಲ್ಲ.

ಬ್ರಿಟನ್, ಫ್ರಾನ್ಸ್ ನಡುವಿನ ಸಮುದ್ರ ಇಂಗ್ಲಿಷ್ ಕಾಲುವೆ, ಅದರ ಕೆಳಗಿನ ಸುರಂಗದ ಕಥೆನೇ ಬೇರೆ. ಅಲ್ಲಿ ನೀರಿಗಿಂತ ರಾಜಕೀಯ ಹೆಚ್ಚು ಕಾಡ್ತು. 1802ರಲ್ಲೇ ಒಬ್ಬ ಫ್ರೆಂಚ್ ಎಂಜಿನಿಯರ್ ಪ್ಲ್ಯಾನ್ ಕೊಟ್ಟಿದ್ದ. 1880ರ ದಶಕದಲ್ಲಿ ಎರಡೂ ದಡದಿಂದ ಒಂದೂವರೆ ಕಿಲೋಮೀಟರ್‌ಗೂ ಜಾಸ್ತಿ ಕೊರೆದಾಗಿತ್ತು, ಅಷ್ಟರಲ್ಲಿ ಶತ್ರು ಸೈನ್ಯ ಇದೇ ದಾರೀಲಿ ಬಂದ್ರೆ ಅಂತ ಬ್ರಿಟಿಷರಿಗೆ ಭಯ, ಕೆಲಸ ಬಂದ್. 1975ರಲ್ಲಿ ದುಡ್ಡಿನ ಕಾರಣಕ್ಕೆ ಮತ್ತೆ ಕೈಬಿಟ್ರು. ಕೊನೆಗೆ 1988ರಲ್ಲಿ ಕೊರೆಯೋಕೆ ಶುರು, 1994ರಲ್ಲಿ ಉದ್ಘಾಟನೆ. ನೀರನ್ನ ಸುಲಭಕ್ಕೆ ಒಳಗೆ ಬಿಡದ ಸುಣ್ಣಮಣ್ಣಿನ ಪದರ ಹುಡುಕಿ ಅದರೊಳಗೇ ದಾರಿ ಮಾಡಿದ್ದು ಅಲ್ಲಿನ ಜಾಣತನ. ಸಮುದ್ರದಡಿಯ ಭಾಗ ಸುಮಾರು 38 ಕಿಲೋಮೀಟರ್, ಜಗತ್ತಿನಲ್ಲೇ ಉದ್ದ.

ಜಪಾನಿನ ಸೈಕಾನ್ ಸುರಂಗಕ್ಕೆ ಅಂಥಾ ಒಳ್ಳೆ ಮಣ್ಣು ಸಿಗ್ಲಿಲ್ಲ. ಹೊನ್ಶು, ಹೊಕ್ಕೈಡೊ ದ್ವೀಪಗಳ ನಡುವಿನ ಜಲಸಂಧಿಯಲ್ಲಿ 1954ರ ಸೆಪ್ಟೆಂಬರ್‌ನಲ್ಲಿ ಚಂಡಮಾರುತಕ್ಕೆ ಸಿಕ್ಕಿ ಟೋಯಾ ಮಾರು ಅನ್ನೋ ಫೆರಿ ಮುಳುಗಿ ಸಾವಿರಕ್ಕೂ ಹೆಚ್ಚು ಜನ ಸತ್ರು, ಸುರಂಗ ಬೇಕೇ ಬೇಕು ಅನ್ನೋ ಒತ್ತಡ ಬಂದಿದ್ದು ಅದಾದ್ಮೇಲೆ. ಕೆಳಗಿರೋದು ಬಿರುಕುಬಿಟ್ಟ ಜ್ವಾಲಾಮುಖಿ ಕಲ್ಲು, ಕೊರೆಯೋ ಮಷಿನ್ ತಂದು ನೋಡಿದ್ರು, ಕೆಲಸಕ್ಕೆ ಬರ್ಲಿಲ್ಲ, ಡೈನಮೈಟ್‌ಗೇ ವಾಪಸ್. ಮೊದ್ಲು ಚಿಕ್ಕ ಪೈಲಟ್ ಸುರಂಗ ಮುಂದೆ ಕಳಿಸಿ ಕಲ್ಲು ಹೆಂಗಿದೆ ನೋಡೋದು, ಸುತ್ತ ತೂತು ಕೊರೆದು ಒತ್ತಡದಲ್ಲಿ ಸಿಮೆಂಟ್ ಮಿಶ್ರಣ ತುಂಬೋದು, ಬಿರುಕು ಮುಚ್ಚಿಕೊಂಡ ಮೇಲಷ್ಟೇ ಬ್ಲಾಸ್ಟ್. ಇಷ್ಟೆಲ್ಲ ಮಾಡಿದ್ರೂ 1976ರಲ್ಲಿ ನಿಮಿಷಕ್ಕೆ 70 ಟನ್ ಲೆಕ್ಕದಲ್ಲಿ ನೀರು ನುಗ್ತು. 34 ಜನ ಕೆಲಸಗಾರರು ಈ ಯೋಜನೇಲಿ ಜೀವ ಕಳ್ಕೊಂಡ್ರು, ಸುರಂಗದ ಒಟ್ಟು ಉದ್ದ 53.85 ಕಿಲೋಮೀಟರ್ ಅನ್ನೋ ಅಂಕಿ ಹೇಳೋರು ಇದನ್ನೂ ಹೇಳ್ಬೇಕು ಅನ್ಸುತ್ತೆ.

ಸೈಕಾನ್ 1988ರ ಮಾರ್ಚ್‌ನಲ್ಲಿ ಓಪನ್ ಆಯ್ತು. ಅಷ್ಟೊತ್ತಿಗೆ ಜನ ವಿಮಾನಕ್ಕೆ ಒಗ್ಗಿಹೋಗಿದ್ರು, 2016ರವರೆಗೂ ಶಿಂಕಾನ್ಸೆನ್ ಬುಲೆಟ್ ರೈಲು ಬರ್ಲೇ ಇಲ್ಲ. ಸುರಂಗದ ತಳ ಸಮುದ್ರ ಮಟ್ಟಕ್ಕಿಂತ 240 ಮೀಟರ್ ಕೆಳಗೆ, ಎರಡೂ ಕಡೆಯಿಂದ ಇಳಿಜಾರು, ಜಿನುಗಿದ ನೀರು ಕೆಳಗೆ ಹರಿದು ಬರುತ್ತೆ, ಅದನ್ನ ಎತ್ತಿ ಹೊರಗೆ ಹಾಕೋ ಪಂಪ್‌ಗಳಿಗೆ ರಜೆ ಅನ್ನೋದೇ ಇಲ್ಲ.