ನಿಂಜಾ ಮುಸುಕಿನೊಳಗೆ ಅಡಗಿದ ಇನ್ನೊಂದು ಸಿನಿಮಾ

ಗಾರ್ಫೀಲ್ಡ್ ಬೆಕ್ಕಿನ ಆಕಾರದ ಫೋನ್ ಕೈಗೆತ್ತಿಕೊಂಡು ನಾಯಕ ಬಹಳ ಗಂಭೀರವಾಗಿ ಆದೇಶ ಕೊಡುತ್ತಾನೆ. ಅತ್ತ ಕಡೆಯವನು ಅದನ್ನು ಕೇಳಿಸಿಕೊಂಡು ಹೊಡೆದಾಟಕ್ಕೆ ಹೊರಡುತ್ತಾನೆ. ಸಿನಿಮಾ ಮುಗಿದರೂ ಇಬ್ಬರೂ ಒಂದೇ ಕೋಣೆಯಲ್ಲಿ ನಿಲ್ಲುವುದಿಲ್ಲ. ಅಂತರ್ಜಾಲದಲ್ಲಿ ತುಣುಕುತುಣುಕಾಗಿ ಹರಿದಾಡುವ 'ನಿಂಜಾ ಟರ್ಮಿನೇಟರ್' ನೋಡಿದವರಿಗೆ ಇದು ಹುಚ್ಚಾಟವೆನಿಸುವುದು ಸಹಜ. ಆದರೆ ಅಲ್ಲಿರುವುದು ಒಂದು ಸಿನಿಮಾ ಅಲ್ಲ, ಎರಡು. ನಿಂಜಾ ಅಂದರೆ ಜಪಾನಿನ ಮುಸುಕುಧಾರಿ ಯೋಧರ ದೃಶ್ಯಗಳು ಹಾಂಗ್‌ಕಾಂಗ್‌ನ ಐಎಫ್‌ಡಿ ಎಂಬ ಚಿತ್ರನಿರ್ಮಾಣ ಸಂಸ್ಥೆ ಹೊಸದಾಗಿ ಚಿತ್ರೀಕರಿಸಿದವು. ಉಳಿದ ಭಾಗ 1984ರ ಒಂದು ದಕ್ಷಿಣ ಕೊರಿಯಾ ಸಿನಿಮಾದ್ದು.

ಬ್ರೂಸ್ ಲೀ 1973ರಲ್ಲಿ ತೀರಿಕೊಂಡ ಮೇಲೆ ಅವನನ್ನೇ ಹೋಲುವ ನಟರನ್ನು ಹಿಡಿದು ತಂದು, ಹೋಲುವ ಹೆಸರನ್ನೂ ಇಟ್ಟು ಸಿನಿಮಾ ತೆಗೆದ ಮಾರುಕಟ್ಟೆಯಿದು. ನಾಚಿಕೆ ಅಲ್ಲಿ ಮೊದಲೇ ಬಿಟ್ಟುಹೋಗಿತ್ತು. 1981ರಲ್ಲಿ ಕ್ಯಾನನ್ ಎಂಬ ಚಿತ್ರನಿರ್ಮಾಣ ಸಂಸ್ಥೆಯ 'ಎಂಟರ್ ದ ನಿಂಜಾ' ಬಂದು ಪಶ್ಚಿಮದಲ್ಲಿ ನಿಂಜಾ ಹುಚ್ಚು ಹತ್ತಿಕೊಂಡಿತು. ಅದೇ ಹೊತ್ತಿಗೆ ವಿಡಿಯೊ ಕ್ಯಾಸೆಟ್ ಅಂಗಡಿಗಳು ಎಲ್ಲೆಡೆ ಹಬ್ಬಿದವು. ಕಪಾಟು ತುಂಬಬೇಕಿತ್ತು, ಕವಚದ ಮೇಲೆ ಕತ್ತಿ ಹಿಡಿದ ಮುಸುಕುಧಾರಿ ಇದ್ದರೆ ಸಾಕಿತ್ತು.

ಐಎಫ್‌ಡಿಯ ನಿರ್ಮಾಪಕ ಜೋಸೆಫ್ ಲೈ ಮತ್ತು ನಿರ್ದೇಶಕ ಗಾಡ್‌ಫ್ರೇ ಹೋ ಕಂಡುಕೊಂಡ ದಾರಿ ಸರಳವಾಗಿತ್ತು. ಕೊರಿಯಾ, ತೈವಾನ್, ಥಾಯ್ಲೆಂಡ್‌ಗಳ ಸಿನಿಮಾಗಳ ಹಕ್ಕನ್ನು ಅಗ್ಗಕ್ಕೆ ಕೊಳ್ಳುವುದು, ಬಿಳಿಯ ನಟರನ್ನಿಟ್ಟು ಒಂದಿಷ್ಟು ನಿಂಜಾ ದೃಶ್ಯ ತೆಗೆಯುವುದು, ಎರಡನ್ನೂ ಇಂಗ್ಲಿಷ್ ಡಬ್ಬಿಂಗ್‌ನಿಂದ ಹೊಲಿಯುವುದು. ಒಂದು ಸಿನಿಮಾದ ಪಾತ್ರವನ್ನು ಇನ್ನೊಂದರ ಪಾತ್ರದೊಂದಿಗೆ ಮಾತನಾಡಿಸಿ ಹೊಲಿಗೆ ಬಿಚ್ಚದಂತೆ ಕಾಯುತ್ತಿದ್ದದ್ದು ಆ ಫೋನ್. ಥಾಮಸ್ ಟ್ಯಾಂಗ್ ಅವರ ಫಿಲ್ಮಾರ್ಕ್ ಸಂಸ್ಥೆಯೂ ಇದನ್ನೇ ಮಾಡಿತು.

ಇದರಲ್ಲಿ ನೊಂದವರಲ್ಲಿ ಒಬ್ಬರು ರಿಚರ್ಡ್ ಹ್ಯಾರಿಸನ್. 1960ರ ದಶಕದಲ್ಲಿ ಇಟಲಿಯ ಸಾಹಸ ಚಿತ್ರಗಳಲ್ಲಿ ಮಿಂಚಿದ್ದ ಈ ಅಮೆರಿಕನ್ ನಟ ಒಪ್ಪಿಕೊಂಡದ್ದು ಕೆಲವೇ ಚಿತ್ರಗಳಿಗೆ. ಅವರ ದೃಶ್ಯಗಳನ್ನು ಕತ್ತರಿಸಿ ಹಂಚಿದ್ದರಿಂದ ಅವರ ಹೆಸರು ಹತ್ತಾರು ಸಿನಿಮಾಗಳಲ್ಲಿ ಕಾಣಿಸಿಕೊಂಡಿತು. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯ ಮೂಲ ಸಿನಿಮಾ ಮಾಡಿದವರಿಗೆ ಆಯಿತು. ಕಥೆ ಬದಲಾಯಿತು, ಪಾತ್ರಗಳಿಗೆ ಬೇರೆ ಹೆಸರು ಬಂತು, ನಟರ, ತಂತ್ರಜ್ಞರ ಹೆಸರು ತೋರಿಸುವ ಶೀರ್ಷಿಕೆ ಪಟ್ಟಿಯಲ್ಲಿ ಪಾಶ್ಚಾತ್ಯ ಹುಸಿ ಹೆಸರುಗಳು ತುಂಬಿಕೊಂಡವು.

ಆದ್ದರಿಂದಲೇ ಇಂಥ ಸಿನಿಮಾದ ಮೂಲ ಹುಡುಕುವಾಗ ಶೀರ್ಷಿಕೆ ಪಟ್ಟಿಯನ್ನು ನಂಬಬಾರದು. ಯಾರು ಯಾರೊಂದಿಗೆ ಒಂದೇ ಚೌಕಟ್ಟಿನಲ್ಲಿದ್ದಾರೆ ಎಂಬುದನ್ನು ಮೊದಲು ನೋಡಬೇಕು. ಎರಡು ಗುಂಪುಗಳು ತಾವಾಗಿಯೇ ಬೇರ್ಪಡುತ್ತವೆ. ದೃಶ್ಯ ಬದಲಾದಾಗ ಬಣ್ಣ, ಬೆಳಕು, ಚಿತ್ರದ ಅಂಚು ಬದಲಾಗುತ್ತವೆ. ಅಗಲ ಪರದೆಯ ಸಿನಿಮಾವನ್ನು ಟಿವಿ ಅಳತೆಗೆ ಕತ್ತರಿಸಿದ್ದರೆ ಮಾತನಾಡುವವನ ಅರ್ಧ ಮುಖ ಹೊರಗುಳಿದಿರುತ್ತದೆ. ಅಂಗಡಿ ಫಲಕದ ಲಿಪಿ ಮತ್ತು ಕಾರಿನ ನಂಬರ್ ಪ್ಲೇಟ್ ದೇಶವನ್ನು ಹೇಳಿಬಿಡುತ್ತವೆ. ಡಬ್ಬಿಂಗ್ ಮಾಡಿದವರಿಗೆ ಅವುಗಳನ್ನು ಬದಲಿಸಲು ಆಗುತ್ತಿರಲಿಲ್ಲ.

ಮುಖಗಳೂ ನೆರವಾಗುತ್ತವೆ. 'ನಿಂಜಾ ಟರ್ಮಿನೇಟರ್'ನ ಖಳ ಹೊಂಬಣ್ಣದ ವಿಗ್ ಹಾಕಿಕೊಂಡಿದ್ದಾನೆ, ಆದರೆ ಕಾಲೆತ್ತಿ ಒದೆಯುತ್ತಿದ್ದಂತೆ ಅದು ಒದೆತಗಳಿಗೆ ಹೆಸರಾದ ಕೊರಿಯಾದ ನಟ ಹ್ವಾಂಗ್ ಜಾಂಗ್ ಲೀ ಎಂದು ಈ ಪ್ರಕಾರದ ಪ್ರೇಮಿಗಳು ಗುರುತಿಸುತ್ತಾರೆ. ಅಲ್ಲಿಂದ ಮುಂದಿನ ಕೆಲಸ ಸುಲಭ: ಆ ನಟ ಆ ವರ್ಷಗಳಲ್ಲಿ ನಟಿಸಿದ ಚಿತ್ರಗಳ ಪಟ್ಟಿಯನ್ನು ಕೊರಿಯನ್ ಫಿಲ್ಮ್ ಆರ್ಕೈವ್‌ನ ದತ್ತಾಂಶದಲ್ಲಿ ತೆಗೆದು, ಭಿತ್ತಿಚಿತ್ರ ಮತ್ತು ಸಹನಟರ ಹೆಸರುಗಳೊಂದಿಗೆ ತಾಳೆ ನೋಡುವುದು.